ಬಿಸಿಲ ಕಲೆಗೆ ಸನ್‌ಸ್ಕ್ರೀನ್, ಕ್ರೀಮು, ಲೇಸರ್: ಪಿಗ್ಮಿ ಅಕ್ಕನ ಒಂದು ವರ್ಷದ ಅನುಭವ

ನಾನು ಉಡುಪಿಯಲ್ಲಿ ಪಿಗ್ಮಿ ಕಲೆಕ್ಷನ್ ಮಾಡುವವಳು. ಅಂಗಡಿ ಬಾಗಿಲಿಗೇ ಹೋಗಿ ದಿನದ ಉಳಿತಾಯ ತರುವ ಕೆಲಸ. ಇದು ಹುಟ್ಟಿದ್ದೇ ನಮ್ಮ ಕಡೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ದಿನಕ್ಕೆ ಎರಡಾಣೆಯ ಲೆಕ್ಕದಲ್ಲಿ ಇದನ್ನು ಶುರು ಮಾಡಿತು. ನಾನಿರುವುದು ಒಂದು ಸಹಕಾರಿ ಸೊಸೈಟಿಯಲ್ಲಿ. 19 ವರ್ಷ ಆಯಿತು. ಬೆಳಿಗ್ಗೆ ರಥಬೀದಿ, ಕಲ್ಸಂಕ ಮುಗಿಸಿ ಮಲ್ಪೆ ರಸ್ತೆ ಹಿಡಿಯುತ್ತೇನೆ. ಕಲ್ಮಾಡಿ ದಾಟಿ ಬಂದರಿಗೆ ಹೋಗಿ, ಮೀನು ಮಾರುವ ಅಕ್ಕಂದಿರ ಹತ್ತಿರ ಕಲೆಕ್ಷನ್ ಮಾಡಿ, ಬೀಚಿನ ಅಂಗಡಿಗಳನ್ನು ಮುಗಿಸಿಕೊಂಡು ವಾಪಸ್. ಎಲ್ಲ ಸ್ಕೂಟರಿನಲ್ಲೇ. ಸ್ಕೂಟರ್ ಹಿಡಿದಾಗ ನಿಮ್ಮ ಕೈ ಒಮ್ಮೆ ನೋಡಿಕೊಳ್ಳಿ. ಅಂಗೈ ಹ್ಯಾಂಡಲಿಗೆ, ಹಿಂಗೈ ಪೂರ್ತಿ ಬಿಸಿಲಿಗೆ. 19 ವರ್ಷ ನನ್ನ ಹಿಂಗೈ ಹಾಗೇ ಇತ್ತು.

ಹೋದ ವರ್ಷ ಕೋಟದಲ್ಲಿ ನಮ್ಮ ಅಕ್ಕನ ಮಗಳ ಮದುವೆ. ಮೆಹಂದಿ ಹಾಕಲು ಬಂದ ಹುಡುಗಿ ನನ್ನ ಕೈ ತಿರುಗಿಸಿ ನೋಡಿ, “ಆಂಟಿ, ಇದು ಹಳೇ ಮೆಹಂದಿ ಉಳಿದದ್ದಾ?” ಎಂದು ಕೇಳಿದಳು. ಅವಳು ಸುಮ್ನೆ ಕೇಳಿದ್ದು. ನನಗೆ ಮಾತ್ರ ಆ ಮಾತು ರಾತ್ರಿಯವರೆಗೂ ಮನಸ್ಸಿನಿಂದ ಹೋಗಲಿಲ್ಲ. ಮನೆಗೆ ಬಂದು ಟ್ಯೂಬ್‌ಲೈಟಿನ ಕೆಳಗೆ ಎಣಿಸಿದೆ. ಬಲಗೈಯಲ್ಲಿ 11, ಎಡಗೈಯಲ್ಲಿ 9. ಚಹಾದ ಬಣ್ಣದ, ಅಂಚು ಸ್ಪಷ್ಟವಾಗಿ ಕಾಣುವ, ಚಪ್ಪಟೆ ಕಲೆಗಳು. ಕೆಲವು ಹೆಸರುಕಾಳಿನಷ್ಟು. ಎರಡು ಮಾತ್ರ ಹುಣಸೆ ಬೀಜದಷ್ಟು ದೊಡ್ಡವು. ತುರಿಕೆ ಇಲ್ಲ, ನೋವಿಲ್ಲ. ಕೆನ್ನೆಯಲ್ಲಿ ಬಂಗು ಇದ್ದದ್ದು ಗೊತ್ತಿತ್ತು. ಕೈ ಕಡೆ ನಾನು ನೋಡಿಯೇ ಇರಲಿಲ್ಲ.

ಅಲ್ಲಿಂದ ಇಲ್ಲಿಯವರೆಗೆ ನಾನು ಏನೇನು ಕೊಂಡೆ, ಏನು ಮಾಡಿಸಿದೆ, ಯಾವುದು ಕೆಲಸ ಮಾಡಿತು ಎನ್ನುವುದನ್ನು ಬರೆಯುತ್ತಿದ್ದೇನೆ. ಎಲ್ಲ ನನ್ನ ಸ್ವಂತ ದುಡ್ಡು. ಬಿಸಿಲಲ್ಲಿ ಕೆಲಸ ಮಾಡುವವರು ಓದಬೇಕು ಎಂಬ ಆಸೆ ನನ್ನದು. ಸನ್‌ಸ್ಕ್ರೀನ್ ಬಗ್ಗೆ ಬರೆಯುವವರು ಜಾಸ್ತಿ ಜನ ಒಳಗೆ ಕೂತು ಕೆಲಸ ಮಾಡುವವರೇ, ಅಲ್ವಾ?

ಮೊದಲು ಒಂದು ಹಳೇ ಕತೆ ಹೇಳಲೇಬೇಕು. ಇದರಿಂದಾಗಿಯೇ ನಾನು ಈ ಸಲ ನೇರ ಡಾಕ್ಟರ ಹತ್ತಿರ ಹೋದದ್ದು. ಹತ್ತು ವರ್ಷದ ಹಿಂದೆ ಕೆನ್ನೆಯ ಬಂಗಿಗೆ ಒಂದು ಮೆಡಿಕಲ್ ಶಾಪಿನಲ್ಲಿ ಕ್ರೀಮು ಕೇಳಿದ್ದೆ. ಚೀಟಿ ಕೇಳಲಿಲ್ಲ, ಕೊಟ್ಟರು. ಎರಡೇ ವಾರದಲ್ಲಿ ಮುಖ ಹೊಳೆಯಿತು. ಎಲ್ಲರೂ ಕೇಳಿದರು, ನಾನೂ ನಾಲ್ಕು ಜನರಿಗೆ ಹೇಳಿದೆ. ಅದು ನನಗೆ ಇವತ್ತಿಗೂ ಬೇಸರದ ವಿಷಯ. ಆರು ತಿಂಗಳಾಗುವಾಗ ಬಿಸಿಲಿಗೆ ಹೋದರೆ ಮುಖ ಉರಿಯತೊಡಗಿತು. ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತಿತ್ತು. ಕೆನ್ನೆ ಮೇಲೆ ಕೂದಲು ಬಂತು. ಕ್ರೀಮು ಬಿಟ್ಟರೆ ಗುಳ್ಳೆ ಏಳುತ್ತಿತ್ತು, ಹಚ್ಚಿದರೆ ಸಮಾಧಾನ. ಅದರಲ್ಲಿ ಸ್ಟೀರಾಯ್ಡ್ ಇತ್ತು ಎಂದು ಗೊತ್ತಾಗುವಾಗ ತುಂಬಾ ತಡವಾಗಿತ್ತು. ಬಿಟ್ಟು, ಚರ್ಮ ಸರಿಯಾಗಲು ಒಂದು ವರ್ಷ ಬೇಕಾಯಿತು. ಬಂಗು ಮೊದಲಿಗಿಂತ ಕಪ್ಪಾಗಿ ವಾಪಸ್ ಬಂತು. 2018ರಲ್ಲಿ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಟ್ಯೂಬಿನ ಮೇಲೆ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸೋಲ್ ಎಂದು ಕಂಡರೆ ಅದು ಸ್ಟೀರಾಯ್ಡ್. ಡಾಕ್ಟರು ಹೇಳದೆ ಅದನ್ನು ಮುಖಕ್ಕೆ ಮುಟ್ಟಿಸಬೇಡಿ. ಯಾರು ಎಷ್ಟೇ ಚೆನ್ನಾಗಿದೆ ಎಂದರೂ ಬೇಡ.

ಮನೆಮದ್ದಿನಲ್ಲೂ ಒಂದು ತಪ್ಪು ಮಾಡಿದ್ದೆ. ದೊಡ್ಡಮ್ಮ ಹೇಳಿದರೆಂದು ಲಿಂಬೆಹುಳಿ ಉಜ್ಜಿಕೊಂಡು ಹಾಗೇ ಕೆಲಸಕ್ಕೆ ಹೊರಟಿದ್ದೆ. ಲಿಂಬೆಯ ರಸ ಚರ್ಮದ ಮೇಲಿದ್ದು ಬಿಸಿಲು ಬಿದ್ದರೆ ಸುಟ್ಟಂತೆ ಆಗಿ ಇನ್ನೂ ಕಪ್ಪು ಕಲೆ ಬೀಳುತ್ತದೆ. ಮದುವೆ ಮನೆಯಲ್ಲಿ ಪಾನಕ ಮಾಡಿದ ಕೈಯನ್ನೂ ಚೆನ್ನಾಗಿ ತೊಳೆದೇ ಹೊರಗೆ ಹೋಗಿ.

ಈಗ ಡಾಕ್ಟರ ವಿಷಯ. ಉಡುಪಿಯಲ್ಲೇ ಒಂದು ಸಣ್ಣ ಕ್ಲಿನಿಕ್. ಹೆಸರು ಹಾಕಲೇ ಎಂದು ಕೇಳಿದಾಗ ಡಾಕ್ಟರಮ್ಮ ಬೇಡ ಎಂದರು, ಹಾಗಾಗಿ ಹಾಕುವುದಿಲ್ಲ. ನೀವು ಹೋಗುವ ಕಡೆ ಬೋರ್ಡಿನಲ್ಲಿ ಎಂಡಿ ಅಥವಾ ಡಿಡಿವಿಎಲ್ ಎಂದು ಚರ್ಮರೋಗದ ಡಿಗ್ರಿ ಉಂಟಾ ನೋಡಿ, ಅಷ್ಟು ಸಾಕು. ಬ್ಯೂಟಿ ಪಾರ್ಲರಿನಲ್ಲಿ ಲೇಸರ್ ಮಾಡಿಸಬೇಡಿ. ಮಣಿಪಾಲದ ಕೆಎಂಸಿ ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗ ಉಂಟು. ನನಗೆ ಅಲ್ಲಿ ಸಾಲಿನಲ್ಲಿ ಕೂರಲು ಸಮಯ ಹೊಂದಲಿಲ್ಲ, ಅಷ್ಟೇ. ಕ್ಲಿನಿಕ್ಕಿನ ಫೀಸು 500 ರೂಪಾಯಿ.

ನಾನು ಹೋದದ್ದು ಕಲೆ ತೆಗೆಯಲು ಏನಾದರೂ ಕೊಡಿ ಎಂದು ಕೇಳಲು. ಅವರು ಮೊದಲು ಏನೂ ಕೊಡಲಿಲ್ಲ. ಕೈ ಹಿಡಿದು ಒಂದೊಂದೇ ಕಲೆಯನ್ನು ಡರ್ಮೋಸ್ಕೋಪ್ ಇಟ್ಟು ನೋಡಿದರು. ಬೆಳಕಿರುವ ಭೂತಗನ್ನಡಿ ಅದು. 20 ಕಲೆಗೂ ಸಮಯ ಕೊಟ್ಟರು. ಹೊರಗೆ ಜನ ಕಾಯುತ್ತಿದ್ದರು, ಆದರೂ ಅವಸರ ಮಾಡಲಿಲ್ಲ. ನನಗೆ ಈ ಕ್ಲಿನಿಕ್ ಇಷ್ಟವಾದದ್ದು ಅಲ್ಲಿಯೇ. ಆಮೇಲೆ ಹೇಳಿದರು, ಕೈಯದ್ದು ಸೋಲಾರ್ ಲೆಂಟಿಗೋ, ಅಂದರೆ ಬಿಸಿಲ ಕಲೆ. ಕೆನ್ನೆಯದ್ದು ಮೆಲಾಸ್ಮಾ, ಅಂದರೆ ನಾವು ಹೇಳುವ ಬಂಗು. ಎರಡೂ ಬೇರೆ. ಬಂಗು ಎರಡೂ ಕೆನ್ನೆಗೆ ಒಂದೇ ತರ ಹರಡಿಕೊಂಡು ಇರುತ್ತದೆ. ಬಸಿರು, ಹಾರ್ಮೋನಿನ ಮಾತ್ರೆ, ಮನೆತನ, ಬಿಸಿಲು ಎಲ್ಲ ಸೇರಿ ಬರುತ್ತದೆ. ಬಿಸಿಲ ಕಲೆ ಬಿಡಿಬಿಡಿ, ಅಂಚು ಸ್ಪಷ್ಟ. ವರ್ಷಗಟ್ಟಲೆ ಬಿದ್ದ ಬಿಸಿಲು ಕೂಡಿ ಕೂಡಿ ಆ ಜಾಗದಲ್ಲಿ ಬಣ್ಣ ಮಾಡುವ ಕಣಗಳು ಜಾಸ್ತಿಯಾಗಿ ಬರುವುದು. ಮಳೆಗಾಲದಲ್ಲಿ ತಾನಾಗಿ ಹೋಗುವುದಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಲಿವರ್ ಸ್ಪಾಟ್ ಎಂದೂ ಹೇಳುತ್ತಾರಂತೆ. ಲಿವರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ನಮ್ಮ ಪಕ್ಕದ ಮನೆಯವರು ಇದನ್ನು ನೋಡಿ, ಲಿವರಿಗೆ ಒಳ್ಳೆಯದೆಂದು ನನಗೆ ನೆಲನೆಲ್ಲಿ ಕಷಾಯ ಕುಡಿಸಿದ್ದರು.

ಪಿಗ್ಮಿಯ ಹಾಗೇ, ಅಲ್ವಾ? ದಿನಕ್ಕೆ ಸ್ವಲ್ಪ ಸ್ವಲ್ಪ. ಡಾಕ್ಟರಮ್ಮ ಒಂದು ಫೋಟೋ ತೋರಿಸಿದರು. 28 ವರ್ಷ ಲಾರಿ ಓಡಿಸಿದ ಒಬ್ಬರ ಮುಖ. ಕಿಟಕಿ ಕಡೆಯ ಎಡ ಕೆನ್ನೆ ಪೂರ್ತಿ ದಪ್ಪವಾಗಿ ನೆರಿಗೆಗಟ್ಟಿದೆ. ಬಲ ಕೆನ್ನೆ ಹತ್ತು ಹದಿನೈದು ವರ್ಷ ಚಿಕ್ಕವರದ್ದರಂತೆ. 2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫೋಟೋ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಯುವಿ ಕಿರಣ ಎರಡು ಬಗೆಯದ್ದು ಬರುತ್ತದೆ. ಕಿಟಕಿ ಗಾಜು ಚರ್ಮ ಸುಡುವ ಯುವಿಬಿಯನ್ನು ಬಹುಪಾಲು ತಡೆಯುತ್ತದೆ, ಚರ್ಮದ ಆಳಕ್ಕೆ ಇಳಿಯುವ ಯುವಿಎಯನ್ನು ಅಷ್ಟು ತಡೆಯುವುದಿಲ್ಲ. ಆ ಮುಖ ನೋಡಿದ ಮೇಲೆ ನನಗೆ ಬೇರೆ ಯಾರೂ ಬುದ್ಧಿ ಹೇಳಬೇಕಾಗಲಿಲ್ಲ.

ನನ್ನ 20ರಲ್ಲಿ ಒಂದು ಕಲೆಯ ಹತ್ತಿರ ಅವರು ಸ್ವಲ್ಪ ಹೊತ್ತು ನಿಂತರು. ಬಲಗೈ ಮಣಿಕಟ್ಟಿನ ಹತ್ತಿರದ್ದು. ಬೇರೆಯದಕ್ಕಿಂತ ಕಪ್ಪು. ಫೋಟೋ ತೆಗೆದಿಟ್ಟುಕೊಂಡು ಮೂರು ತಿಂಗಳ ನಂತರ ಮತ್ತೆ ನೋಡುವ, ಅಲ್ಲಿಯವರೆಗೆ ಇದಕ್ಕೆ ಏನೂ ಹಚ್ಚಬೇಡಿ, ಲೇಸರ್ ಅಂತೂ ಬೇಡ ಎಂದರು. ಕಲೆಯ ಒಂದು ಅರ್ಧ ಇನ್ನೊಂದು ಅರ್ಧದ ಹಾಗೆ ಇಲ್ಲದಿದ್ದರೆ, ಅಂಚು ಹರಿದಂತೆ ಇದ್ದರೆ, ಒಂದೇ ಕಲೆಯಲ್ಲಿ ಎರಡು ಮೂರು ಬಣ್ಣ ಇದ್ದರೆ, 6 ಮಿಲಿಮೀಟರಿಗಿಂತ ದೊಡ್ಡದಿದ್ದರೆ, ಎಲ್ಲಕ್ಕಿಂತ ಮುಖ್ಯವಾಗಿ ಬದಲಾಗುತ್ತಾ ಇದ್ದರೆ ಅಥವಾ ರಕ್ತ ಬಂದರೆ ಸುಮ್ಮನಿರಬಾರದು. ಬಣ್ಣದ ಕಣದ ಕ್ಯಾನ್ಸರ್ ನಮ್ಮ ಚರ್ಮದವರಲ್ಲಿ ಅಪರೂಪ. ಬಂದರೆ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲೂ ಬರುವುದುಂಟು. ಪರೀಕ್ಷೆ ಮಾಡದೆ ಕಲೆ ಅಳಿಸಿಬಿಟ್ಟರೆ ಅದು ಏನಾಗಿತ್ತು ಎಂದು ಮತ್ತೆ ಗೊತ್ತಾಗುವುದಿಲ್ಲ. ನನ್ನ ಮಣಿಕಟ್ಟಿನ ಕಲೆ ಮೂರು ತಿಂಗಳಲ್ಲೂ ಬದಲಾಗಲಿಲ್ಲ, ಆರು ತಿಂಗಳಲ್ಲೂ ಇಲ್ಲ. ಆದರೆ ಆ ಮೊದಲ ಮೂರು ತಿಂಗಳು ನಾನು ದಿನಾ ಬೆಳಿಗ್ಗೆ ಎದ್ದ ಕೂಡಲೇ ಅದನ್ನೇ ನೋಡುತ್ತಿದ್ದೆ. ಈಗಲೂ ಪ್ರತಿ ತಿಂಗಳ ಒಂದನೇ ತಾರೀಕು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯುತ್ತೇನೆ. ನಾಣ್ಯ ಇದ್ದರೆ ಅಳತೆ ಗೊತ್ತಾಗುತ್ತದೆ.

ಸನ್‌ಸ್ಕ್ರೀನ್ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ನನ್ನ ದುಡ್ಡು ಜಾಸ್ತಿ ಹೋದದ್ದು ಅದಕ್ಕೇ.

ಡಾಕ್ಟರಮ್ಮ ಬ್ರಾಂಡ್ ಹೇಳಲಿಲ್ಲ. ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ, 50 ಇದ್ದರೆ ಒಳ್ಳೆಯದು, ಪಿಎ ಎಂದು ಬರೆದು ಅದರ ಮುಂದೆ ಮೂರು ಅಥವಾ ನಾಲ್ಕು ಪ್ಲಸ್ ಇರಲಿ, ನೀರಿಗೆ ಹೋಗದಂಥದ್ದು ಇರಲಿ ಎಂದರು. ಎಸ್‌ಪಿಎಫ್ ಹೇಳುವುದು ಯುವಿಬಿ ಲೆಕ್ಕ. 30 ಇದ್ದರೆ ಸುಮಾರು 97 ಶೇಕಡಾ ತಡೆಯುತ್ತದೆ, 50 ಇದ್ದರೆ 98. ಹಾಗಾಗಿ 50ರ ಮೇಲೆ 70, 100 ಎಂದು ಜಾಸ್ತಿ ಕೊಡಬೇಕಾಗಿಲ್ಲ. ಪಿಎ ಪ್ಲಸ್ ಹೇಳುವುದು ಯುವಿಎ ಲೆಕ್ಕ. ಕಲೆ ಇರುವವರು ಅದನ್ನು ನೋಡದೆ ಕೊಳ್ಳಲೇಬಾರದು.

ಮೊದಲು ತಂದದ್ದು ಒಂದು ಕ್ರೀಮು. ನಮ್ಮ ಸೆಕೆಗೆ ಆಗುವಂಥದ್ದಲ್ಲ. ಹತ್ತು ಗಂಟೆಗೆ ಹೆಲ್ಮೆಟ್ಟಿನ ಒಳಗೆ ಬೆವರು ಇಳಿದು ಕಣ್ಣಿಗೆ ಹೋಗಿ ಉರಿ. ಕಲ್ಮಾಡಿ ಸೇತುವೆ ಹತ್ತಿರ ಗಾಡಿ ನಿಲ್ಲಿಸಿ ಕಣ್ಣು ತೊಳೆದುಕೊಂಡೆ. ಅದನ್ನು ಕೈಗೆ ಮಾತ್ರ ಬಳಸಿ ಮುಗಿಸಿದೆ. ಎರಡನೆಯದು ಜಿಂಕ್ ಆಕ್ಸೈಡ್ ಜಾಸ್ತಿ ಇದ್ದದ್ದು. ಕಣ್ಣಿಗೆ ಏನೂ ಮಾಡಲಿಲ್ಲ, ಆದರೆ ನನ್ನ ಬಣ್ಣಕ್ಕೆ ವಿಭೂತಿ ಬಳಿದ ಹಾಗೆ ಕಾಣುತ್ತಿತ್ತು. ರಥಬೀದಿಯ ಅಂಗಡಿಯವರು “ಎಂಚಿನ ಅಕ್ಕ, ಹುಷಾರಿಲ್ವಾ?” ಎಂದು ಕೇಳಿದರು. ಮೂರನೆಯದು ಜೆಲ್, ಚರ್ಮದ ಬಣ್ಣದ ಛಾಯೆ ಇರುವಂಥದ್ದು. ಅದೇ ನನಗೆ ಹೊಂದಿದ್ದು. ಈ ಬಣ್ಣ ಬರುವುದು ಐರನ್ ಆಕ್ಸೈಡಿನಿಂದ. ಅದು ಕಣ್ಣಿಗೆ ಕಾಣುವ ಬೆಳಕನ್ನೂ ಸ್ವಲ್ಪ ತಡೆಯುತ್ತದೆ. ಬಂಗು ಕಪ್ಪಾಗಲು ಆ ಬೆಳಕೂ ಕಾರಣ, ಬರೀ ಯುವಿ ಅಲ್ಲ. ಹಾಗಾಗಿ ಬಂಗು ಇರುವವರು ಟ್ಯೂಬಿನ ಹಿಂದೆ ಐರನ್ ಆಕ್ಸೈಡ್ ಎಂದು ಬರೆದಿದೆಯಾ ಎಂದು ಓದಿ ಕೊಳ್ಳಿ. ಬಿಳಿ ಚೂಡಿದಾರಿನ ಕುತ್ತಿಗೆಗೆ ಕಲೆ ಹತ್ತುತ್ತದೆ, ಅದೊಂದು ತೊಂದರೆ. ನಾನು ಬಿಳಿ ಹಾಕುವುದು ಬಿಟ್ಟೆ.

ಎಷ್ಟು ಹಚ್ಚಬೇಕು ಎಂಬುದರಲ್ಲಿ ನಾವೆಲ್ಲ ತಪ್ಪುವುದು. ನಾನು ಕಡಲೆಕಾಳಿನಷ್ಟು ಹಚ್ಚುತ್ತಿದ್ದೆ. ಡಾಕ್ಟರಮ್ಮ ತೋರು ಬೆರಳು, ನಡು ಬೆರಳು ಎರಡರ ಮೇಲೂ ಬುಡದಿಂದ ತುದಿವರೆಗೆ ಗೆರೆ ಎಳೆದು ತೋರಿಸಿದರು. ಮುಖ ಮತ್ತು ಕುತ್ತಿಗೆಗೆ ಅಷ್ಟು ಬೇಕು. ಒಂದೊಂದು ಹಿಂಗೈಗೆ ಬೆರಳ ತುದಿಯಿಂದ ಮೊದಲ ಗೆರೆವರೆಗೆ. ಕಡಿಮೆ ಹಚ್ಚಿದರೆ ಟ್ಯೂಬಿನ ಮೇಲೆ 50 ಎಂದಿದ್ದರೂ ನಮಗೆ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಹೊರಡುವ 15–20 ನಿಮಿಷ ಮೊದಲು ಹಚ್ಚಬೇಕು. ಎರಡು ಗಂಟೆಗೊಮ್ಮೆ ಮತ್ತೆ. ಹೀಗೆ ಸರಿಯಾಗಿ ಹಚ್ಚಿದರೆ 50 ಗ್ರಾಮಿನ ಟ್ಯೂಬ್ ನನಗೆ ಬಂದದ್ದು 18 ದಿನ. ನಾನು ಕೊಳ್ಳುವುದಕ್ಕೆ 620 ರೂಪಾಯಿ. ನಮ್ಮಂಥವರಿಗೆ ಇದು ಸಣ್ಣ ಮೊತ್ತ ಅಲ್ಲ. ಎರಡು ತಿಂಗಳು ಬರುತ್ತದೆ ಎಂದು ಯಾರಾದರೂ ಹೇಳಿದರೆ ಅವರು ಸಾಕಷ್ಟು ಹಚ್ಚುತ್ತಿಲ್ಲ ಎಂದೇ ಅರ್ಥ.

ಇನ್ನೊಂದು ಸಮಸ್ಯೆ ನನ್ನ ಕೆಲಸದ್ದೇ. ಮಲ್ಪೆಯಲ್ಲಿ ಮೀನಿನ ನೀರು ತಾಗಿದ ನೋಟು ಎಣಿಸಿದ ಮೇಲೆ ಕೈ ತೊಳೆಯಲೇಬೇಕು. ತೊಳೆದರೆ ಹಚ್ಚಿದ್ದೆಲ್ಲ ಹೋಯಿತು. ಮತ್ತೆ ಹಚ್ಚಿ ರಸೀದಿ ಕೊಟ್ಟರೆ ಕಾಗದದ ಮೇಲೆ ಜಿಡ್ಡು. ಎರಡು ತಿಂಗಳು ಹೀಗೆ ಒದ್ದಾಡಿದ ಮೇಲೆ ಗೊತ್ತಾಯಿತು, ಕೈಗೆ ಬಟ್ಟೆಯೇ ಸರಿ.

ಆದ್ದರಿಂದ ನನ್ನ ಇಡೀ ವರ್ಷದ ಖರೀದಿಯಲ್ಲಿ ಪೂರ್ತಿ ಅಂಕ ಕೊಡುವುದು ಸನ್‌ಸ್ಕ್ರೀನಿಗೂ ಅಲ್ಲ, ಲೇಸರಿಗೂ ಅಲ್ಲ. ಒಂದು ಜೊತೆ ಕೈ ಸ್ಲೀವ್ಸಿಗೆ. ತೋಳಿನಿಂದ ಬೆರಳ ಗೆಣ್ಣಿನವರೆಗೆ ಬರುವ, ಹೆಬ್ಬೆರಳಿಗೆ ತೂತು ಇರುವಂಥದ್ದು. ಯುಪಿಎಫ್ 50 ಎಂದು ಬರೆದದ್ದು, 350 ರೂಪಾಯಿ. ಬಟ್ಟೆಗೆ ಯುಪಿಎಫ್ ಎಂಬ ಅಳತೆ. 50 ಇದ್ದರೆ 50ರಲ್ಲಿ ಒಂದು ಪಾಲು ಯುವಿ ಮಾತ್ರ ಒಳಗೆ ಬರುತ್ತದೆ. ಬೆರಳು ಹೊರಗಿರುವುದರಿಂದ ನೋಟು ಎಣಿಸಬಹುದು, ಮೆಷಿನ್ ಒತ್ತಬಹುದು. ಬೆವರು ಬೇಗ ಆರುತ್ತದೆ. ಕಡಿಮೆ ದರದ ಒಂದು ಜೊತೆ ಮೊದಲು ತಂದಿದ್ದೆ, ಬೆಳಕಿಗೆ ಹಿಡಿದರೆ ಆಚೆ ಕಡೆಯ ಬೆರಳು ಕಾಣುತ್ತಿತ್ತು. ಅಂಥದ್ದು ತರಬೇಡಿ. ಇಷ್ಟು ವರ್ಷ ನಾನು ತೆಳು ಬಿಳಿ ದುಪಟ್ಟಾ ಸುತ್ತಿಕೊಂಡು ಬಿಸಿಲಿಂದ ತಪ್ಪಿಸಿಕೊಂಡೆ ಎಂದುಕೊಂಡಿದ್ದೆ. ತೆಳು ಬಿಳಿ ಹತ್ತಿ ಬಟ್ಟೆ ತಡೆಯುವುದು ಬಹಳ ಕಡಿಮೆ, ಒದ್ದೆಯಾದರೆ ಇನ್ನೂ ಕಡಿಮೆ. ಒತ್ತಾಗಿ ನೇಯ್ದ ಗಾಢ ಬಣ್ಣದ ಬಟ್ಟೆ ಒಳ್ಳೆಯದು. ಸ್ಲೀವ್ಸ್ ಬಂದ ಮೇಲೆ ಸನ್‌ಸ್ಕ್ರೀನ್ ಮುಖ, ಕುತ್ತಿಗೆ, ಬೆರಳುಗಳಿಗೆ ಮಾತ್ರ. ಟ್ಯೂಬ್ 28 ದಿನ ಬರುತ್ತದೆ ಈಗ.

ನಮ್ಮ ಅಜ್ಜ ಗದ್ದೆಗೆ ಇಳಿಯುವಾಗ ಅಡಿಕೆ ಹಾಳೆಯ ಮುಟ್ಟಾಳೆ ಇಡದೆ ಹೋಗುತ್ತಿರಲಿಲ್ಲ. ತಲೆ ತಂಪಾಗಿರಲಿ ಎಂದು ಇಡುತ್ತಿದ್ದದ್ದು. ಅವರ ಹಣೆ ಕೊನೆವರೆಗೂ ನುಣುಪಾಗಿತ್ತು, ಮುಟ್ಟಾಳೆಯ ನೆರಳು ಬೀಳದ ಕತ್ತಿನ ಹಿಂಬದಿ ಮಾತ್ರ ಒಣ ಕೆಸರಿನ ಹಾಗೆ ಬಿರಿದು ಕಪ್ಪಾಗಿತ್ತು. ಈಗ ನೆನೆಸಿಕೊಂಡರೆ ಅರ್ಥವಾಗುತ್ತದೆ.

ಸಮಯ ಬದಲಾಯಿಸಿದ್ದೂ ಚಿಕಿತ್ಸೆಯೇ. ನಮ್ಮ ಗಡಿಯಾರ ದೇಶಕ್ಕೆಲ್ಲ ಒಂದೇ, ಆದರೆ ನಾವು ಪಶ್ಚಿಮದ ಅಂಚಿನಲ್ಲಿದ್ದೇವೆ. ಹಾಗಾಗಿ ಉಡುಪಿಯಲ್ಲಿ ಸೂರ್ಯ ನೆತ್ತಿಗೆ ಬರುವುದು 12 ಗಂಟೆಗಲ್ಲ, 12.30ರ ಹತ್ತಿರ. ಏಪ್ರಿಲ್ 25ರ ಸುಮಾರಿಗೆ ಇಲ್ಲಿ ಆ ಹೊತ್ತಿನಲ್ಲಿ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಶೂನ್ಯ ನೆರಳಿನ ದಿನ ಎನ್ನುತ್ತಾರಲ್ಲ, ಅದೇ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡ ಇದ್ದರೆ ಯುವಿ ಜೋರಾಗಿದೆ ಎಂದು ತಿಳಿಯಬೇಕು. ಫೋನಿನ ಹವಾಮಾನದ ಕಡೆ ಯುವಿ ಇಂಡೆಕ್ಸ್ ಎಂದೂ ಇರುತ್ತದೆ. 3 ದಾಟಿದರೆ ರಕ್ಷಣೆ ಬೇಕು, 11 ದಾಟಿದರೆ ವಿಪರೀತ. ನಮ್ಮಲ್ಲಿ ಮಾರ್ಚ್, ಏಪ್ರಿಲ್ ಮಧ್ಯಾಹ್ನ ನನ್ನ ಫೋನು 11, 12 ತೋರಿಸುತ್ತದೆ. ನಾನು ಮೊದಲು ಮಲ್ಪೆಗೆ ತಲುಪುತ್ತಿದ್ದದ್ದು ಸರಿಯಾಗಿ ಆ ಹೊತ್ತಿಗೆ. ಈಗ ತಿರುಗಿಸಿ ಹಾಕಿದೆ. 8 ಗಂಟೆಗೆ ಮಲ್ಪೆ, 11ರ ಮೇಲೆ ರಥಬೀದಿಯ ಅಂಗಡಿಗಳು, ಅಲ್ಲಿ ಜಗಲಿಯ ನೆರಳು ಉಂಟು. ಮೀನಿನ ಅಕ್ಕಂದಿರು ಬೆಳಿಗ್ಗೆ ಬೋಣಿ ಆಗದೆ ದುಡ್ಡು ಕೊಡುವುದು ಹೇಗೆ ಎಂದರು. ಹಿಂದಿನ ದಿನದ್ದು ಮರುದಿನ ಬೆಳಿಗ್ಗೆ ಕೊಡಿ ಎಂದು ಮಾತಾಡಿಕೊಂಡೆವು. ಒಪ್ಪಿದರು. ಅವರಿಗೆ ನಾನು ಋಣಿ.

ಸಮುದ್ರದ ಹತ್ತಿರ ಬಿಸಿಲು ಮೇಲಿಂದ ಮಾತ್ರ ಬರುವುದಲ್ಲ. ಒಣ ಮರಳು ಸುಮಾರು 15 ಶೇಕಡಾ ಯುವಿಯನ್ನು ತಿರುಗಿಸಿ ಎಸೆಯುತ್ತದೆ, ತೆರೆಯ ನೊರೆ 25 ಶೇಕಡಾ. ಕೊಡೆ ಹಿಡಿದರೂ ಕೆಳಗಿಂದ ಬರುತ್ತದೆ. ತೆಳು ಮೋಡ ಇದ್ದರೂ ಯುವಿಯ 80 ಶೇಕಡಾದವರೆಗೆ ಕೆಳಗೆ ಬರಬಹುದು. ಹಾಗಾಗಿ ಮಳೆಗಾಲದ ಆಟಿ ತಿಂಗಳಲ್ಲೂ ಸ್ಲೀವ್ಸ್ ಬಿಡಲಿಲ್ಲ, ರೈನ್‌ಕೋಟಿನ ಒಳಗೆ ಅದೂ ಇತ್ತು.

ಇನ್ನು ಇದ್ದ ಕಲೆಯನ್ನು ಕಡಿಮೆ ಮಾಡಿದ್ದು. ಕೈಗೆ ರಾತ್ರಿ ಹಚ್ಚಲು ಟ್ರೆಟಿನಾಯಿನ್ ಕ್ರೀಮು ಕೊಟ್ಟರು, 0.025 ಶೇಕಡಾದ್ದು. ವಾರಕ್ಕೆ ಮೂರು ರಾತ್ರಿಯಿಂದ ಶುರು. ಮೊದಲ ತಿಂಗಳು ಚರ್ಮ ಸುಲಿದು ಒಣಗಿತು, ಪಾತ್ರೆ ತೊಳೆಯುವಾಗ ಉರಿಯುತ್ತಿತ್ತು. ಮೇಲೆ ಮಾಯಿಶ್ಚರೈಸರ್ ಹಚ್ಚಿ ತಡೆದುಕೊಂಡೆ. ಬಸಿರಿಯರು, ಬಸಿರಾಗುವ ಯೋಚನೆ ಇರುವವರು ಇದನ್ನು ಹಚ್ಚಬಾರದು. ಕೆನ್ನೆಗೆ ಅಜೆಲೈಕ್ ಆಸಿಡ್ ಕ್ರೀಮು ಕೊಟ್ಟರು, ನನ್ನ ಹಳೇ ಕತೆ ಕೇಳಿ ಮೆಲ್ಲಗೆ ಕೆಲಸ ಮಾಡುವಂಥದ್ದೇ ಇರಲಿ ಎಂದರು. ಹೈಡ್ರೋಕ್ವಿನೋನ್ ಎಂಬ ಮದ್ದೂ ಉಂಟು, ಬೇಗ ತಿಳಿಯಾಗುತ್ತದೆ. ಆದರೆ ತಿಂಗಳುಗಟ್ಟಲೆ ಬಿಡದೆ ಹಚ್ಚಿದರೆ ಕೆಲವರಿಗೆ ನೀಲಿಗಪ್ಪು ಬಣ್ಣ ಕೂತುಬಿಡುತ್ತದೆ, ಅದು ಹೋಗುವುದು ಬಹಳ ಕಷ್ಟ. ಡಾಕ್ಟರು ಹೇಳಿದಷ್ಟೇ ದಿನ, ಹೇಳಿದ ಕೂಡಲೇ ನಿಲ್ಲಿಸಬೇಕು.

ನಾಲ್ಕು ತಿಂಗಳಿಗೆ ಸಣ್ಣ ಕಲೆಗಳು ತಿಳಿಯಾದವು. ಹುಣಸೆ ಬೀಜದಂಥ ಆ ಎರಡು ಅಲುಗಾಡಲಿಲ್ಲ. ಅವಕ್ಕೆ ಎರಡು ದಾರಿ ಹೇಳಿದರು. ಒಂದು ಲಿಕ್ವಿಡ್ ನೈಟ್ರೋಜನ್ ಇಟ್ಟು ಹೆಪ್ಪುಗಟ್ಟಿಸುವುದು. ಅದು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ತಣ್ಣಗೆ. ಬಣ್ಣದ ಕಣ ಚಳಿಗೆ ಬೇಗ ಸಾಯುತ್ತದೆ, ಹಾಗಾಗಿ ನಮ್ಮ ಚರ್ಮದಲ್ಲಿ ಆ ಜಾಗ ಬೆಳ್ಳಗಾಗಿ ಉಳಿಯಬಹುದು. ಇನ್ನೊಂದು ಕ್ಯೂ-ಸ್ವಿಚ್ಡ್ ಲೇಸರ್, ಮಂಗಳೂರಿಗೆ ಹೋಗಬೇಕು. ಅದರಲ್ಲೂ ಕಂದು ಚರ್ಮಕ್ಕೆ ತಾತ್ಕಾಲಿಕ ಕಪ್ಪು ಬರುವ ಭಯ ಉಂಟು. ಮೊದಲು ಒಂದೇ ಕಲೆಗೆ ಮಾಡಿ ನೋಡಿ ಎಂದರು. ಹೆಪ್ಪುಗಟ್ಟಿಸಿ ಬಿಳಿ ಆದರೆ ಏನೂ ಮಾಡಲಾಗದು, ಕಪ್ಪು ಆದರೆ ಕಾಯಬಹುದು ಎಂದು ನಾನು ಲೇಸರ್ ಆರಿಸಿದೆ.

ಡಿಸೆಂಬರಿನಲ್ಲಿ ಒಂದು ಶನಿವಾರ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರಿಗೆ ಹೋದೆ. ಅಲ್ಲಿಯ ಡಾಕ್ಟರಿಗೆ ಉಡುಪಿಯ ಚೀಟಿ ತೋರಿಸಿದೆ. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚಟ್ ಚಟ್ ಎಂದು ನಾಲ್ಕೈದು ಸಲ, ಕಲೆ ಕೂಡಲೇ ಬೆಳ್ಳಗಾಯಿತು. ಒಂದು ನಿಮಿಷದ ಕೆಲಸ, 1,800 ರೂಪಾಯಿ. ಮರುದಿನಕ್ಕೆ ಕಾಫಿ ಪುಡಿ ಬಣ್ಣದ ಹಕ್ಕಳೆ. ಕೀಳಬಾರದು ಎಂದು ಖಡಕ್ಕಾಗಿ ಹೇಳಿದ್ದರು. 13 ದಿನಕ್ಕೆ ತಾನಾಗಿ ಬಿತ್ತು, ಅಡಿಯಲ್ಲಿ ಗುಲಾಬಿ ಚರ್ಮ. ನನಗೆ ಖುಷಿಯೋ ಖುಷಿ. ಒಂದು ತಿಂಗಳಾಗುವಾಗ ಆ ಜಾಗ ಮೊದಲಿಗಿಂತ ಕಪ್ಪಾಯಿತು. ಹೇಳಿದ್ದರೂ ಕೂಡ ನೋಡುವಾಗ ಅಳು ಬಂತು. ಸ್ಲೀವ್ಸ್ ಹಾಕಿಕೊಂಡು ಕಾದೆ. ಮೂರೂವರೆ ತಿಂಗಳಲ್ಲಿ ಆ ಕಪ್ಪು ಹೋಯಿತು. ಈಗ ಆ ಜಾಗ ಎಲ್ಲಿತ್ತು ಎಂದು ಫೋಟೋ ನೋಡಿಯೇ ಹೇಳಬೇಕು. ಲೇಸರಿಗೆ ನಾನು ಐದರಲ್ಲಿ ಮೂರೂವರೆ ಕೊಡುತ್ತೇನೆ. ಕೆಲಸ ಮಾಡುತ್ತದೆ, ಆದರೆ ಮದುವೆಗೆ ಎರಡು ವಾರ ಇರುವಾಗ ಮಾಡಿಸುವಂಥದ್ದಲ್ಲ. ಬೇಸಿಗೆಗೆ ಮುಂಚೆಯೂ ಬೇಡ. ಕೆನ್ನೆಯ ಬಂಗಿಗೆ ಮಾಡಿಸಲು ಕೇಳಿದ್ದಕ್ಕೆ ಉಡುಪಿಯ ಡಾಕ್ಟರಮ್ಮ ಬೇಡವೇ ಬೇಡ, ನಿಮ್ಮದು ಕೆರಳುತ್ತದೆ ಎಂದರು. ದುಡ್ಡು ಬರುವ ಕೆಲಸವನ್ನು ಅವರೇ ಬೇಡ ಎಂದದ್ದು ನನಗೆ ದೊಡ್ಡದಾಗಿ ಕಂಡಿತು.

ಇವತ್ತಿನ ಲೆಕ್ಕ ಹೀಗೆ: 20 ಕಲೆಯಲ್ಲಿ 12 ಹತ್ತಿರ ನೋಡಿದರೆ ಮಾತ್ರ ಕಾಣುತ್ತವೆ. ಆರು ಅರ್ಧದಷ್ಟು ತಿಳಿ. ಒಂದು ಲೇಸರಿನಲ್ಲಿ ಹೋಯಿತು. ಮಣಿಕಟ್ಟಿನದ್ದು ಮುಟ್ಟಿಲ್ಲ. ವರ್ಷದಲ್ಲಿ ಹೊಸ ಕಲೆ ಒಂದೂ ಬಂದಿಲ್ಲ. ಕೆನ್ನೆಯ ಬಂಗು ಹಗುರವಾಗಿದೆ. ಮಾರ್ಚಿನಲ್ಲಿ ಎರಡು ದಿನ ಬಣ್ಣದ ಜೆಲ್ ಮುಗಿದು ಹಚ್ಚದೆ ಹೋದದ್ದಕ್ಕೆ ಅದು ಎದ್ದು ಕಂಡಿತು. ಎಲ್ಲ ಸೇರಿ 15,400 ರೂಪಾಯಿ ಖರ್ಚು, ಅದರಲ್ಲಿ 9,000ದ ಹತ್ತಿರ ಸನ್‌ಸ್ಕ್ರೀನಿಗೇ.

ಹೋದ ವಾರ ಮಲ್ಪೆಯಲ್ಲಿ ನನ್ನ ಹಳೇ ಗಿರಾಕಿ ಒಬ್ಬರು, 60 ದಾಟಿದ ಮೀನು ಮಾರುವ ಅಕ್ಕ, ನನ್ನ ಕೈ ಹಿಡಿದು “ಕೈಕ್ ದಾನೆ ಪಾಡಿಯರ್? ಪೊರ್ಲು ಆತ್ಂಡ್” ಎಂದರು. ಏನು ಹಚ್ಚಿದಿರಿ, ಚಂದ ಆಗಿದೆ ಎಂದು. ಆಮೇಲೆ ತಮ್ಮ ಕೈ ಚಾಚಿದರು. ಮೀನಿನ ಬುಟ್ಟಿಯ ಮುಂದೆ 40 ವರ್ಷ ಕೂತ ಕೈ. ಕಲೆಗಳ ನಡುವೆ ಒಂದು ಒರಟಾಗಿ ಉಬ್ಬಿತ್ತು, ಬೆರಳಾಡಿಸಿದರೆ ಮರಳು ಕಾಗದದ ಹಾಗೆ. ಎಷ್ಟು ದಿನದಿಂದ ಎಂದು ಕೇಳಿದೆ. ಮಳೆಗಾಲಕ್ಕೆ ಮೊದಲಿಂದ, ಆಗಾಗ ಕಿತ್ತು ರಕ್ತ ಬರುತ್ತದೆ ಎಂದರು. ನಾನು ಅಲ್ಲೇ ನಿಂತು ಕ್ಲಿನಿಕ್ಕಿಗೆ ಫೋನು ಮಾಡಿದೆ. ಬುಧವಾರ ನಾಲ್ಕು ಗಂಟೆಗೆ ಹೆಸರು ಬರೆಸಿದ್ದೇನೆ. ಅವರು ಬುಟ್ಟಿ ತಂಗಿಯ ಕೈಗೆ ಕೊಟ್ಟು ಬರುತ್ತಾರೆ, ನನ್ನ ಸ್ಕೂಟರಿನಲ್ಲೇ ಕರೆದುಕೊಂಡು ಹೋಗುವುದು. ಅವರಿಗೂ ಒಂದು ಜೊತೆ ಸ್ಲೀವ್ಸ್ ತಂದಿಟ್ಟಿದ್ದೇನೆ, ಕಪ್ಪು ಬಣ್ಣದ್ದು.